ನಲವತ್ತೊಂದನೇ ನಿಮಿಷ

ಬ್ರಾಂಕ್ಸ್, ನ್ಯೂಯಾರ್ಕ್
14 ಏಪ್ರಿಲ್ 1981

ಮಿಸ್ಟರ್ ಡೀಟ್‌ಮಾರ್ ಹೌಕ್ ಅವರಿಗೆ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಹೆಸರು ವರ್ಲೀನ್ ಗ್ಯಾಸ್ಕಿನ್ಸ್. ನಿಮ್ಮ ಪಿರ್ಮಾಸೆನ್ಸ್ ಊರಿನ ಪಕ್ಕದ ಅಮೆರಿಕನ್ ಶಿಬಿರದಲ್ಲಿ ಸಿಪಾಯಿಯಾಗಿದ್ದ ರೋಡೆಲ್ ನನ್ನ ಚಿಕ್ಕಮ್ಮನ ಮಗ. ಈಗ ಅವನನ್ನು ಕೊರಿಯಾಕ್ಕೆ ಹಾಕಿದ್ದಾರೆ. ನಿಮ್ಮ ವಿಳಾಸ ಕೊಟ್ಟವನು ಅವನೇ.

ಕ್ರಿಸ್‌ಮಸ್ ರಜೆಗೆ ಬಂದಿದ್ದ ರೋಡೆಲ್ ಹಿಂದಿರುಗುವಾಗ ಇಲ್ಲಿಂದ ಒಂದು ಕ್ಯಾಸೆಟ್ ತೆಗೆದುಕೊಂಡು ಹೋದ. ಹಸಿರು ಚೀಟಿಯದು, ಅದರ ಮೇಲೆ ಸೊಟ್ಟ ಅಕ್ಷರದಲ್ಲಿ 'ವೆಂಡೆಲ್, ಶಾಲೆ ಜಿಮ್' ಎಂದು ಬರೆದಿದೆ. ಬರೆದವನು ನನ್ನ ತಮ್ಮ ಎಲ್ರಾಯ್. ಫೆಬ್ರವರಿಯಲ್ಲಿ ಅದನ್ನು ನಿಮಗೆ ಕೊಟ್ಟೆ ಎನ್ನುತ್ತಾನೆ ರೋಡೆಲ್. ಕೊಟ್ಟೆ ಎಂದರೆ ಮಾರಿದೆ ಎಂದು ಅರ್ಥ, ಅವನನ್ನು ತೊಟ್ಟಿಲಿನಿಂದಲೂ ಬಲ್ಲೆ.

ಆ ಕ್ಯಾಸೆಟ್ ನನಗೆ ಬೇಕಾಗಿದೆ. ಶಾಲೆಯ ಜಿಮ್‌ನಲ್ಲಿ ನಡೆದ ಒಂದು ಕುಣಿತದ ಕೂಟವನ್ನು ತುಂಬಿದ ಟೇಪು ಅದು, ಅಂದು ರೆಕಾರ್ಡು ಹಾಕಿದವನು ನಮ್ಮ ಬೀದಿಯ ವೆಂಡೆಲ್. ಅವನಿದ್ದ ಕಟ್ಟಡ ಜನವರಿಯಲ್ಲಿ ಸುಟ್ಟುಹೋಯಿತು, ಅವನ ಟೇಪುಗಳೆಲ್ಲ ಕರಗಿ ಒಂದೇ ಮುದ್ದೆಯಾದವು. ಬೇರೆಯವರ ಹತ್ತಿರ ಇದ್ದ ಪ್ರತಿಗಳ ಮೇಲೆ ಅವರು ಬೇರೇನೋ ತುಂಬಿಕೊಂಡಿದ್ದಾರೆ, ಇಲ್ಲಿ ಯಾರೂ ಒಂದು ಕ್ಯಾಸೆಟ್ಟನ್ನು ಮೂರು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ನಮ್ಮ ಅಮ್ಮನಿಗೆ ಅದನ್ನು ಒಮ್ಮೆ ಕೇಳಬೇಕೆಂಬ ಆಸೆ ಹುಟ್ಟಿದೆ. ವಯಸ್ಸಾದವರ ಆಸೆ, ಬೇಡ ಎನ್ನಲಾಗುವುದಿಲ್ಲ. ಬದಲಿಗೆ ಹೊಸ ಟೇಪು ಎರಡು ಕಳಿಸುತ್ತೇನೆ, ಮೂರು ಬೇಕಾದರೂ ಕಳಿಸುತ್ತೇನೆ.

ದಯವಿಟ್ಟು ಬೇಗ ಬರೆಯಿರಿ.

ವರ್ಲೀನ್


ಪಿರ್ಮಾಸೆನ್ಸ್, ಜರ್ಮನಿ
27 ಏಪ್ರಿಲ್ 1981

ಗೌರವಾನ್ವಿತ ಕುಮಾರಿ ಗ್ಯಾಸ್ಕಿನ್ಸ್,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಲಕೋಟೆಯ ಮೇಲೆ ಬ್ರಾಂಕ್ಸ್ ಎಂಬ ಅಂಚೆಮುದ್ರೆ ಇತ್ತು, ಅದನ್ನು ಕತ್ತರಿಸಿ ನನ್ನ ಗೋಡೆಗೆ ಅಂಟಿಸಿದ್ದೇನೆ. ನನ್ನ ಇಂಗ್ಲಿಷ್ ಶಾಲೆಯದು, ತಪ್ಪಿದ್ದರೆ ಮನ್ನಿಸಬೇಕು.

ನನಗೆ ಇಪ್ಪತ್ತಾರು ವರ್ಷ. ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತೇನೆ. ಹಾಸಿದ ಚರ್ಮದಲ್ಲಿ ಕಲೆ, ಗೀರು, ಉಣ್ಣಿ ಕಚ್ಚಿದ ಗುರುತು ಎಲ್ಲಿವೆಯೆಂದು ನೋಡಿ ಅವನ್ನು ಬಿಟ್ಟು ಒಳ್ಳೆಯದನ್ನಷ್ಟೇ ತೆಗೆಯುವುದು ನನ್ನ ಕೆಲಸ. ಸಂಜೆ ಮನೆಗೆ ಬಂದು ಅಮ್ಮ ಮಾಡಿದ ಆಲೂಗಡ್ಡೆ ಸೂಪು ಕುಡಿದು ನಿಮ್ಮ ಜನರ ಟೇಪು ಕೇಳುತ್ತೇನೆ. ನನ್ನ ಹತ್ತಿರ ಒಂಬತ್ತು ಇವೆ. ನಮ್ಮೂರಿನಲ್ಲಿ ಇದನ್ನು ಕೇಳುವವನು ನಾನೊಬ್ಬನೇ. ಕಾರ್ಖಾನೆಯಲ್ಲಿ ಒಮ್ಮೆ ಹಾಕಿದ್ದೆ, ನನ್ನ ಮೇಜಿನ ಎದುರಿನವನು, "ಏನೋ ಇದು, ಹಾಡೋಕ್ ಬರ್ದೇ ಇರೋರು ಜಗಳ ಆಡ್ತಿದಾರೆ" ಎಂದ. ಆಮೇಲೆ ಹಾಕಿಲ್ಲ.

ಒಂಬತ್ತರಲ್ಲಿ ವೆಂಡೆಲ್ ಅವರ ಟೇಪೇ ಶ್ರೇಷ್ಠ. ಅದರ ನಲವತ್ತೊಂದನೇ ನಿಮಿಷದಲ್ಲಿ ಒಂದು ನಗಾರಿ ಬರುತ್ತದೆ, ಕೇವಲ ನಾಲ್ಕು ಹೆಜ್ಜೆ ಹಾಕುವಷ್ಟು ಹೊತ್ತು. ಅದನ್ನೇ ಅವರು ರೆಕಾರ್ಡನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ತಿರುಗಿಸಿ ಆರು ನಿಮಿಷ ಬೆಳೆಸುತ್ತಾರೆ. ಅದನ್ನು ಕೇಳಿದಾಗಲೆಲ್ಲ ನನ್ನ ಎದೆ ತೆರೆದುಕೊಂಡಂತಾಗುತ್ತದೆ. ಆ ಬಡಿತ ಖಂಡಿತ ಆಫ್ರಿಕಾದ ಕಾಡಿನದು, ನಿಮ್ಮ ಪೂರ್ವಿಕರ ರಕ್ತದಲ್ಲಿ ಹರಿದು ಬಂದದ್ದು. ಆ ರೆಕಾರ್ಡು ಯಾವುದೆಂದು ಎರಡು ತಿಂಗಳಿನಿಂದ ಹುಡುಕುತ್ತಿದ್ದೇನೆ. ಮ್ಯೂನಿಕ್ಕಿನ ಅಂಗಡಿಗಳಿಗೂ ಬರೆದಿದ್ದೆ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ನ್ಯೂಯಾರ್ಕಿನ ಕಂಪನಿಗಳು ಈಗ ಇಂಥ ಹಾಡುಗಳನ್ನು ಅಚ್ಚು ಹಾಕಿ ಮಾರುತ್ತಿವೆಯೆಂದು ಓದಿದ್ದೇನೆ. ಟೇಪು ನಿಜಕ್ಕೂ ನಿಮ್ಮ ತಾಯಿಯವರಿಗೇ ಅಲ್ಲವೇ? ಹಾಗಾದರೆ ಒಂದು ಪ್ರತಿ ಕಳಿಸಲು ನನಗೆ ಸಂತೋಷ. ನನಗೆ ಹೊಸ ಟೇಪು ಬೇಡ. ಆ ರೆಕಾರ್ಡಿನ ಹೆಸರು ಹೇಳಿದರೆ ಸಾಕು.

ವಿನಯಪೂರ್ವಕ,
ಡೀಟ್‌ಮಾರ್ ಹೌಕ್


ಬ್ರಾಂಕ್ಸ್
6 ಮೇ 1981

ಮಿಸ್ಟರ್ ಹೌಕ್,

ಕಾಡಿನ ವಿಷಯ ಅಮ್ಮನಿಗೆ ಓದಿ ಹೇಳಿದೆ. ದಕ್ಷಿಣ ಕೆರೊಲಿನಾದ ಹತ್ತಿಯ ಹೊಲ ಬಿಟ್ಟು ಬೇರೆ ಕಾಡು ಕಾಣದ ಹೆಂಗಸು ಅವಳು. "ನಮ್ ಎಲ್ರಾಯ್‌ಗೆ ಪಾರ್ಕಲ್ಲಿ ಅಳಿಲು ಕಂಡ್ರೂ ಭಯ ಅಂತ ಬರಿ ಅವನ್ಗೆ" ಎಂದಳು. ಬರೆದಿದ್ದೇನೆ.

ರೆಕಾರ್ಡಿನ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ. ಇಲ್ಲಿ ಒಳ್ಳೆಯ ರೆಕಾರ್ಡು ಸಿಕ್ಕಿದವರು ಮೊದಲು ಮಾಡುವ ಕೆಲಸ ಅದರ ನಡುವಿನ ಚೀಟಿಯನ್ನು ನೀರಿನಲ್ಲಿ ನೆನೆಸಿ ಕೀಳುವುದು. ಇಲ್ಲದಿದ್ದರೆ ಪಕ್ಕದ ಬೀದಿಯವರು ಬಗ್ಗಿ ಹೆಸರು ಓದಿಕೊಂಡು, ಮುಂದಿನ ಶನಿವಾರ ಅದನ್ನೇ ಹಾಕುತ್ತಾರೆ. ವೆಂಡೆಲ್‌ನ ಚೀಟಿ ಕೀಳುವವನು, ಹಾಲಿನ ಕ್ರೇಟುಗಳಲ್ಲಿ ರೆಕಾರ್ಡು ತುಂಬಿ ಹೊರುವವನು ನನ್ನ ತಮ್ಮ. ಎಷ್ಟೋ ಸಲ ನಾನು ಸ್ನಾನಕ್ಕೆ ಹೋದರೆ ತೊಟ್ಟಿಯ ತುಂಬ ಕಪ್ಪು ತಟ್ಟೆಗಳು ತೇಲುತ್ತಿರುತ್ತಿದ್ದವು. ಹೆಸರು ಅವನ ತಲೆಯಲ್ಲಿದೆ, ಅವನು ಸದ್ಯಕ್ಕೆ ಊರಿನಲ್ಲಿಲ್ಲ.

ಕಂಪನಿಯವರಿಗೆ ಮಾರುವುದಕ್ಕಲ್ಲ. ನನಗೆ ಪ್ರತಿ ಬೇಡ, ಆ ಹಸಿರು ಚೀಟಿಯ ಕ್ಯಾಸೆಟ್ಟೇ ಬೇಕು. ಅದರಲ್ಲಿ ಏನನ್ನೂ ಅಳಿಸಬೇಡಿ, ಸೇರಿಸಬೇಡಿ. ಇದ್ದದ್ದು ಇದ್ದ ಹಾಗೆ, ಮೊದಲಿನಿಂದ ಕೊನೆಯವರೆಗೆ. ವಿಮಾನದ ಅಂಚೆಯಲ್ಲಿ ಹಾಕಿ. ಅಮ್ಮ ಕಾಯುತ್ತಿದ್ದಾಳೆ.

ವರ್ಲೀನ್


ಪಿರ್ಮಾಸೆನ್ಸ್
9 ಮೇ 1981

ಗೌರವಾನ್ವಿತ ಕುಮಾರಿ ಗ್ಯಾಸ್ಕಿನ್ಸ್,

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಗಿ, ಇದರೊಂದಿಗೆ ಟೇಪು ಕಳಿಸಿದ್ದೇನೆ.

ಇದು ಬರಿಯ ಪ್ರತಿಯಲ್ಲ. ರೋಡೆಲ್ ಕೊಟ್ಟ ಟೇಪಿನಲ್ಲಿ ಒಂದು ದೋಷವಿತ್ತು. ಒಳ್ಳೆಯ ನಗಾರಿ ನಡೆಯುತ್ತಿರುವಾಗ ಮೈಕಿನವರು ನಡುವೆ ಬಾಯಿ ಹಾಕಿ ಯಾರು ಯಾರದೋ ಹೆಸರು ಕೂಗುತ್ತಾರೆ, ತಾರೀಕು, ಗಂಟೆ ಹೇಳುತ್ತಾರೆ, ಜನ ತಿರುಗಿ ಅರಚುತ್ತಾರೆ. ಇಂಥದ್ದು ಹದಿನೇಳು ಕಡೆ ಇತ್ತು. ಕೇಳುವವನಿಗೆ ಅದರಿಂದೇನು? ಎರಡು ಯಂತ್ರಗಳನ್ನು ಜೋಡಿಸಿ, ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು, ಹತ್ತು ದಿನ ಕೂತು ಎಲ್ಲವನ್ನೂ ತೆಗೆದಿದ್ದೇನೆ. ಎಲ್ಲಿ ಕತ್ತರಿಸಿದ್ದೇನೆಂದು ನಿಮಗೆ ಗೊತ್ತೇ ಆಗುವುದಿಲ್ಲ. ನನ್ನ ಆ ನಗಾರಿ ಈಗ ಮೂವತ್ತಮೂರನೇ ನಿಮಿಷಕ್ಕೆ ಬರುತ್ತದೆ, ಅಡ್ಡಿ ಇಲ್ಲದೆ.

ನಿಮ್ಮ ತಾಯಿಯವರಿಗೆ ಇಷ್ಟವಾದರೆ ನನಗೆ ಎರಡು ಸಾಲು ಬರೆಯಬೇಕು.

ಡೀಟ್‌ಮಾರ್


ಬ್ರಾಂಕ್ಸ್
19 ಮೇ 1981

ಡೀಟ್‌ಮಾರ್,

ನಿಮ್ಮ ಟೇಪು ಬಂತು. ಅಡುಗೆಮನೆಯಲ್ಲಿ ಕೂತು ನಾನೂ ಅಮ್ಮನೂ ಎರಡು ಕಡೆ ಪೂರ್ತಿ ಕೇಳಿದೆವು. ತಿರುಗಿಸಿ ಇನ್ನೊಮ್ಮೆ ಕೇಳಿದೆವು. ಅಮ್ಮ ಎದ್ದು ಹೋಗಿ ಮಲಗಿದಳು. ನಾನು ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ನಿಮಗೆ ಸುಳ್ಳು ಹೇಳಿದ್ದೆ. ಆಸೆ ಅಮ್ಮನದಲ್ಲ. ಎಲ್ರಾಯ್ ಊರಿನಲ್ಲಿಲ್ಲ ಎಂದರೆ ಅವನು ಜೈಲಿನಲ್ಲಿದ್ದಾನೆ. ಜೈಲು ಎಂಬ ಮಾತು ಕೇಳಿದರೆ ನೀವು ಬಾಗಿಲು ಹಾಕಿಕೊಳ್ಳುತ್ತೀರಿ ಎಂದು ಹೆದರಿ ಮುಚ್ಚಿಟ್ಟೆ.

ಕಳೆದ ಡಿಸೆಂಬರ್ ಆರು, ಶನಿವಾರ ಮಧ್ಯಾಹ್ನ ನಾಲ್ಕೂವರೆಗೆ ನಮ್ಮಲ್ಲಿಂದ ಮೂರು ಮೈಲಿ ದೂರದ ಒಂದು ಮದ್ಯದಂಗಡಿಗೆ ಯಾರೋ ಪಿಸ್ತೂಲು ಹಿಡಿದು ನುಗ್ಗಿ, ಅಂಗಡಿಯವನ ಮುಖಕ್ಕೆ ಹೊಡೆದು ದೋಚಿದರು. ಮಾರ್ಚಿನಲ್ಲಿ ಆ ಅಂಗಡಿಯವನಿಗೆ ಪೊಲೀಸರು ಫೋಟೋ ತೋರಿಸಿದಾಗ ಅವನು ಎಲ್ರಾಯ್‌ನ ಮೇಲೆ ಬೆರಳಿಟ್ಟ. ಎರಡು ವರ್ಷದ ಹಿಂದೆ ಟಿಕೆಟಿಲ್ಲದೆ ರೈಲು ಹತ್ತಿದ್ದಕ್ಕೆ ತೆಗೆದ ಫೋಟೋ ಅದು. ಆ ಶನಿವಾರ ನಾಲ್ಕೂವರೆಗೆ ಎಲ್ರಾಯ್ ಎಲ್ಲಿದ್ದ ಗೊತ್ತೇ? ನೀವು ಹತ್ತು ದಿನ ಕೂತು ಕತ್ತರಿಸಿದ ಟೇಪಿನ ಒಳಗಿದ್ದ.

ಆ ಹೆಸರು ಕೂಗುವುದು ದೋಷವಲ್ಲ ಡೀಟ್‌ಮಾರ್. ಇಲ್ಲಿ ಹಳೆಯ ಟೇಪನ್ನು ಹೊಸದೆಂದು ಮಾರುವವರು ಬಹಳ. ಅದಕ್ಕೇ ಮೈಕು ಹಿಡಿದವನು ನಡುನಡುವೆ ತಾರೀಕು ಹೇಳಲೇಬೇಕು, ಗಂಟೆ ಹೇಳಲೇಬೇಕು. ಆಮೇಲೆ ಕೋಣೆಯಲ್ಲಿ ಯಾರು ಯಾರು ಬಂದಿದ್ದಾರೆಂದು ಒಬ್ಬೊಬ್ಬರನ್ನೇ ಕೂಗುತ್ತಾನೆ, ಅವರು ಅಲ್ಲಿಂದಲೇ ಜವಾಬು ಕೊಡುತ್ತಾರೆ. ನಮ್ಮವರು ಟೇಪು ಕೊಳ್ಳುವುದೇ ಅದಕ್ಕೆ. ನಗಾರಿ ಎಲ್ಲರ ಟೇಪಿನಲ್ಲೂ ಇರುತ್ತದೆ, ತಮ್ಮ ಹೆಸರು ಒಂದರಲ್ಲಿ ಮಾತ್ರ.

ಅಂದು ಮೈಕು ಹಿಡಿದಿದ್ದವನು ಸಿಲ್ಕಿ ಡೀ. ವೆಂಡೆಲ್ ಆ ನಗಾರಿ ಎತ್ತುವ ಮುಂಚೆ ಡೀ ಗಂಟೆ ಹೇಳಿ, ಕ್ರೇಟು ಹೊರುವವನು ಎಲ್ಲಿ ಎಂದು ಎಲ್ರಾಯ್‌ನನ್ನು ಕೂಗಿದ. ಎಲ್ರಾಯ್ ಜವಾಬು ಕೊಟ್ಟ. ಇದು ಅಲ್ಲಿದ್ದ ಎಲ್ಲರಿಗೂ ನೆನಪಿದೆ. ಆದರೆ ಸರ್ಕಾರ ಕೊಟ್ಟ ನಮ್ಮ ವಕೀಲ ಏನೆಂದ ಗೊತ್ತೇ? "ಸ್ನೇಹಿತ್ರು ಹನ್ನೆರಡು ಜನ ಬಂದು ನಿಂತ್ರೂ ಜ್ಯೂರಿ ನಂಬಲ್ಲಮ್ಮ. ಸ್ನೇಹಿತ್ರು ಅಂದ್ರೆ ಹಂಗೇ ಹೇಳ್ತಾರೆ ಅಂತಾರೆ. ಟೇಪ್ ತಂದ್ಕೊಡಿ. ಅದೂ ಅರೆಸ್ಟಿಗಿಂತ ಮುಂಚೆನೇ ದೇಶ ಬಿಟ್ಟು ಹೋಗಿದ್ ಟೇಪು, ಸಂಬಂಧ ಇಲ್ದೇ ಇರೋ ಒಬ್ಬ ಮನುಷ್ಯನ ಕೈಲಿತ್ತು ಅಂತ ಅವನೇ ಬರ್ಕೊಟ್ರೆ, ಅದನ್ನ ಯಾರೂ ಅಲ್ಲಾಡ್ಸೋಕಾಗಲ್ಲ."

ಆ ಸಂಬಂಧವಿಲ್ಲದ ಮನುಷ್ಯ ನೀವು.

ಜೂನ್ ಹನ್ನೆರಡಕ್ಕೆ ಕೋರ್ಟು. ಅವತ್ತು ಎಲ್ರಾಯ್ ತಪ್ಪೊಪ್ಪಿಕೊಂಡರೆ ಮೂರು ವರ್ಷ ಕೊಟ್ಟು ಮುಗಿಸುತ್ತಾರಂತೆ. ಒಪ್ಪದೆ ವಿಚಾರಣೆಗೆ ನಿಂತು ಸೋತರೆ ಹದಿನೈದು. ಅವನಿಗೆ ಇಪ್ಪತ್ತೊಂದು ವರ್ಷ. ಟೇಪಿದ್ದರೆ ವಿಚಾರಣೆಗೆ ನಿಲ್ಲುತ್ತಾನೆ, ಇಲ್ಲದಿದ್ದರೆ ಮಾಡದ್ದನ್ನು ಮಾಡಿದೆ ಎನ್ನುತ್ತಾನೆ.

ನಿಮಗೆ ರೋಡೆಲ್ ಕೊಟ್ಟ ಹಸಿರು ಚೀಟಿಯ ಕ್ಯಾಸೆಟ್ಟು ಕಳಿಸಿ. ಜೊತೆಗೆ ಅದನ್ನು ಯಾರಿಂದ, ಯಾವ ದಿನ, ಹೇಗೆ ತೆಗೆದುಕೊಂಡಿರಿ ಎಂದು ನಿಮ್ಮೂರ ನೋಟರಿಯ ಮುಂದೆ ಒಂದು ಹಾಳೆ ಬರೆದು ಸಹಿ ಹಾಕಿಸಿ. ನಾನು ಯಾರ ಕಾಲಿಗೂ ಬಿದ್ದವಳಲ್ಲ. ಈ ಪತ್ರ ನಿಮ್ಮ ಕಾಲಿಗೆ ಬೀಳುತ್ತಿದೆ ಎಂದುಕೊಳ್ಳಿ.

ವರ್ಲೀನ್


ತಂತಿ, ಬ್ರಾಂಕ್ಸ್‌ನಿಂದ
30 ಮೇ 1981

ಉತ್ತರ ಇಲ್ಲ. ಟೇಪ್ ಇದೆಯೋ ಇಲ್ಲವೋ ತಿಳಿಸಿ. ಜೂನ್ ಹನ್ನೆರಡು. ವರ್ಲೀನ್


ಪಿರ್ಮಾಸೆನ್ಸ್
1 ಜೂನ್ 1981

ಗೌರವಾನ್ವಿತ ಕುಮಾರಿ ಗ್ಯಾಸ್ಕಿನ್ಸ್,

ನಿಮ್ಮ ಪತ್ರವೂ ತಂತಿಯೂ ತಲುಪಿದವು. ಕೆಲಸದ ಒತ್ತಡದಿಂದ ಬರೆಯುವುದು ತಡವಾಯಿತು.

ನಿಮ್ಮ ಸೋದರನ ವಿಷಯ ತಿಳಿದು ತುಂಬಾ ದುಃಖವಾಯಿತು. ಆದರೆ ಆ ಮೂಲ ಟೇಪು ಈಗ ಇಲ್ಲ. ಶುದ್ಧ ಪ್ರತಿ ಮಾಡಿದ ಮೇಲೆ ಅದರ ಅಗತ್ಯವಿಲ್ಲವೆಂದು ಅದರ ಮೇಲೆ ಬೇರೆ ರೇಡಿಯೋ ಕಾರ್ಯಕ್ರಮವನ್ನು ತುಂಬಿಕೊಂಡೆ. ಆದ್ದರಿಂದ ನೋಟರಿಯ ಕಾಗದದಿಂದಲೂ ಪ್ರಯೋಜನವಿಲ್ಲವೆಂದು ಭಾವಿಸುತ್ತೇನೆ.

ದೇವರು ನಿಮಗೆ ಧೈರ್ಯ ಕೊಡಲಿ.

ಡಿ. ಹೌಕ್


ಪಿರ್ಮಾಸೆನ್ಸ್
9 ಜೂನ್ 1981

ವರ್ಲೀನ್,

ಹಿಂದಿನ ಪತ್ರವನ್ನು ಹರಿದುಹಾಕಿ. ಅದರಲ್ಲಿರುವುದು ಸುಳ್ಳು. ಟೇಪು ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅದರ ಮೇಲೆ ನಾನು ಏನನ್ನೂ ತುಂಬಿಲ್ಲ, ಅಂಥದ್ದು ಮಾಡಲು ನನಗೆ ಕೈ ಬರುವುದಿಲ್ಲ. ಈ ಪೊಟ್ಟಣದಲ್ಲಿ ಅದೇ ಇದೆ, ಜೊತೆಗೆ ನೋಟರಿಯ ಹಾಳೆಯೂ ಇದೆ.

ಆ ಸುಳ್ಳು ಏಕೆ ಹೇಳಿದೆನೆಂದು ಬರೆಯಬೇಕು. ಶಿಬಿರದ ಅಂಗಡಿಯ ಸಾಮಾನನ್ನು ನಾವು ಹೊರಗಿನವರು ಸಿಪಾಯಿಗಳಿಂದ ಕೊಳ್ಳುವುದು ಅಪರಾಧ. ನಾನು ರೋಡೆಲ್‌ನಿಂದ ಟೇಪುಗಳಷ್ಟೇ ಅಲ್ಲ, ಎರಡು ಯಂತ್ರಗಳನ್ನೂ ಕೊಂಡಿದ್ದೇನೆ, ಸುಂಕ ಕಟ್ಟದೆ. ಹೋದ ವರ್ಷ ನಮ್ಮ ಕಾರ್ಖಾನೆಯ ಒಬ್ಬ ಸಿಗರೇಟು ಕೊಂಡು ಸಿಕ್ಕಿಬಿದ್ದ. ದಂಡ ಹಾಕಿದರು, ಕೆಲಸದಿಂದ ತೆಗೆದರು. ಯಾರಿಂದ, ಯಾವ ದಿನ, ಹೇಗೆ ಎಂದು ಬರೆದು ಸಹಿ ಹಾಕಿ ಎಂದಿರಿ ನೀವು. ಆ ಸಾಲು ಓದಿದ ಮೇಲೆ ಹನ್ನೊಂದು ದಿನ ನಿಮ್ಮ ಪತ್ರವನ್ನು ಕೋಟಿನ ಜೇಬಿನಲ್ಲೇ ಹೊತ್ತು ತಿರುಗಿದೆ.

ಭಾನುವಾರ ಆ ಟೇಪನ್ನು ತೆಗೆದು ಮೊದಲ ಸಲ ಹೆಸರುಗಳಿಗೋಸ್ಕರ ಕೇಳಿದೆ. ಅಷ್ಟು ತಿಂಗಳು ಅವು ನನಗೆ ಗದ್ದಲವಾಗಿದ್ದವು. ನಲವತ್ತೊಂದನೇ ನಿಮಿಷದಲ್ಲಿ ಒಬ್ಬ ಹುಡುಗ ಮಾತಾಡುತ್ತಾನೆ. ಆ ಒಂದು ಸಾಲನ್ನು ಮೂವತ್ತು ಸಲ ಕೇಳಿದೆ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋಗದೆ ನೋಟರಿಯ ಹತ್ತಿರ ಹೋಗಿ ಎಲ್ಲವನ್ನೂ ಬರೆಸಿದೆ, ಯಂತ್ರಗಳ ಸಮೇತ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀವು ಇದನ್ನ ಓದಿಯೇ ಸಹಿ ಹಾಕ್ತಿದೀರಾ" ಎಂದರು. ಹೌದು ಎಂದೆ.

ತಂತಿ ಕೊಡಲು ಅಂಚೆ ಕಚೇರಿಯ ಸಾಲಿನಲ್ಲಿ ನಿಂತೆ. ತಂತಿ ಬರೆದುಕೊಳ್ಳುವಾಕೆ ನಮ್ಮ ಕಾರ್ಖಾನೆಯ ಮಾಲೀಕರ ಸೊಸೆ. ಅವಳ ಮುಂದೆ ಏನೆಂದು ಹೇಳಲಿ? ಸಾಲಿನಿಂದ ಹೊರಗೆ ಬಂದೆ. ಎಕ್ಸ್‌ಪ್ರೆಸ್ ಅಂಚೆ ಮೂರು ದಿನದಲ್ಲಿ ಸೇರುತ್ತದೆ ಎಂದು ಗುಮಾಸ್ತ ಮಾತು ಕೊಟ್ಟಿದ್ದಾನೆ. ಮೂರು ದಿನವೆಂದರೆ ಹನ್ನೆರಡನೇ ತಾರೀಕು ಬೆಳಿಗ್ಗೆ. ಸೇರುತ್ತದೆ, ಅಲ್ಲವೇ?

ಡೀಟ್‌ಮಾರ್


ಬ್ರಾಂಕ್ಸ್
13 ಜೂನ್ 1981

ಡೀಟ್‌ಮಾರ್,

ನಿಮ್ಮ ಜೂನ್ ಒಂದರ ಪತ್ರ ಮಂಗಳವಾರ ಬಂತು. ಅದನ್ನು ಬುಧವಾರ ಜೈಲಿಗೆ ಒಯ್ದು, ಗಾಜಿನ ಈಚೆ ಕೂತು, ಎಲ್ರಾಯ್‌ಗೆ ಓದಿದೆ. ಅವನು, "ಬೈಬೇಡ ಅಕ್ಕ ಅವನ್ಗೆ. ನಾವೂ ಹಂಗೇ ಅಲ್ವಾ ಮಾಡೋದು? ಅಮ್ಮನ್ ಚರ್ಚ್ ಹಾಡಿನ ಟೇಪಿನ ಮೇಲೆ ವೆಂಡೆಲ್‌ನ ತುಂಬಿದ್ದು ಯಾರು, ನಾನೇ ತಾನೆ" ಎಂದ. ನಗಿಸುವುದಕ್ಕೆ ಹೇಳಿದ್ದು. ನಾನು ನಗಲಿಲ್ಲ.

ನಿನ್ನೆ ಕೋರ್ಟು ಇತ್ತು. ಕಾರಕೂನ ಅವನ ಹೆಸರು ಕೂಗಿದ. ಎಲ್ರಾಯ್ ಅಭ್ಯಾಸಬಲದಿಂದ, "ಇಲ್ಲೇ ಇದೀನಿ, ಎಲ್ಲಿಗ್ ಹೋಗ್ಲಿ" ಎಂದುಬಿಟ್ಟ. ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಆಮೇಲೆ ಅವರು ಒಂದೊಂದಾಗಿ ಕೇಳಿದರು, ಅವನು ಒಂದೊಂದಕ್ಕೂ ಹೌದು ಎಂದ. ಅಂಗಡಿಗೆ ಹೋದದ್ದು ನೀನೇ ಏನು, ಹೌದು. ಪಿಸ್ತೂಲು ಇತ್ತೇ, ಹೌದು. ಹೊಡೆದದ್ದು ನೀನೇ ಏನು. ಇಲ್ಲಿ ಸ್ವಲ್ಪ ತಡೆದ. ವಕೀಲ ಅವನ ಮೊಣಕೈ ಮುಟ್ಟಿದ. ಹೌದು ಎಂದ. ಯಾರಾದರೂ ಬಲವಂತ ಮಾಡಿದರೇ ಎಂದಾಗ ಇಲ್ಲ ಎಂದ. ಅಷ್ಟರಲ್ಲಿ ಅಮ್ಮ ಎದ್ದು ನಿಂತು, "ಸುಳ್ಳು ಹೇಳ್ಬೇಡ ಮಗ" ಎಂದಳು, ಅವಳನ್ನು ಹೊರಗೆ ಕರೆದುಕೊಂಡು ಹೋದರು. ಅವತ್ತೇ ಮೂರು ವರ್ಷ ಬರೆದರು. ಇಡೀ ಕೆಲಸ ಒಂಬತ್ತು ನಿಮಿಷದಲ್ಲಿ ಮುಗಿಯಿತು, ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ.

ನಿಮ್ಮನ್ನು ಬೈಯಬೇಕೆಂದು ಈ ಕಾಗದ ತೆಗೆದೆ. ಬರೆಯುತ್ತಾ ಬರೆಯುತ್ತಾ ಆ ಸಿಟ್ಟು ಹೋಯಿತು. ನಿಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ಯಾರ ತಪ್ಪೂ ಅಲ್ಲ. ನಾನು ಮೊದಲ ಪತ್ರದಲ್ಲೇ ನಿಜ ಹೇಳಿದ್ದರೆ ಟೇಪು ಉಳಿಯುತ್ತಿತ್ತೇನೋ ಎಂದು ರಾತ್ರಿಯಿಡೀ ಅದೇ ಯೋಚನೆ. ಆ ಭಾರ ನನ್ನದು, ನೀವು ಹೊರಬೇಡಿ. ನಿಮ್ಮ ಒಂಬತ್ತು ಟೇಪುಗಳನ್ನು ಚೆನ್ನಾಗಿ ನೋಡಿಕೊಳ್ಳಿ.

ವರ್ಲೀನ್


ಬ್ರಾಂಕ್ಸ್
21 ಜೂನ್ 1981

ಡೀಟ್‌ಮಾರ್,

ನನ್ನ ಹಿಂದಿನ ಪತ್ರ ಇಷ್ಟರಲ್ಲಿ ನಿಮ್ಮ ಕೈ ಸೇರಿರಬೇಕು, ಇಲ್ಲವೇ ಸೇರುತ್ತದೆ. ಅದರಲ್ಲಿ ಯಾರ ತಪ್ಪೂ ಅಲ್ಲ ಎಂದು ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ನಿಮ್ಮ ಪೊಟ್ಟಣ ಹದಿನಾರಕ್ಕೆ ಬಂತು. ಎಲ್ರಾಯ್ ಹೌದು ಎಂದು ನಾಲ್ಕು ದಿನವಾಗಿತ್ತು. ನಾಲ್ಕು ಪದ ಸಾಕಿತ್ತು ಡೀಟ್‌ಮಾರ್: ಟೇಪ್ ಇದೆ, ಸ್ವಲ್ಪ ಕಾಯಿರಿ. ಮಾಲೀಕರ ಸೊಸೆಗೆ ಅದರಿಂದ ಏನು ತಿಳಿಯುತ್ತಿತ್ತು? ಆ ಪದಗಳನ್ನು ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಚುತ್ತಾ ಬೆಳಿಗ್ಗೆಯಿಂದ ಸಂಜೆಯವರೆಗೆ ಎಣಿಸುತ್ತಿದ್ದೇನೆ. ನಾಲ್ಕೇ.

ಅಮ್ಮ ನಿಮ್ಮ ಪೊಟ್ಟಣವನ್ನು ಮುಟ್ಟಲಿಲ್ಲ. ನಾನೊಬ್ಬಳೇ ಕೂತು ಹಾಕಿದೆ. ನಲವತ್ತೊಂದನೇ ನಿಮಿಷದಲ್ಲಿ ಸಿಲ್ಕಿ ಡೀ ಬರುತ್ತಾನೆ:

"ಆರನೇ ತಾರೀಕು, ಶನಿವಾರದ ಹೊತ್ತು,
ಗಡಿಯಾರ ನೋಡ್ರಪ್ಪ, ನಾಲ್ಕೂ ಮೂವತ್ತು,
ಒಳಗಿರೋರ್ಗೆ ಕುಣಿತ, ಹೊರಗಿರೋರ್ಗೆ ಕುತ್ತು.
ಕ್ರೇಟ್ ಹೊರೋ ಎಲ್ರಾಯ್ ಎಲ್ಲಪ್ಪಾ?"

ಆಮೇಲೆ ದೂರದಿಂದ, ಬಾಯಲ್ಲಿ ಏನೋ ತಿನ್ನುತ್ತಿರುವವನ ದನಿ: "ಇಲ್ಲೇ ಇದೀನಿ, ಎಲ್ಲಿಗ್ ಹೋಗ್ಲಿ." ಜನ ನಗುತ್ತಾರೆ. ಆಮೇಲೆ ನಿಮ್ಮ ನಗಾರಿ.

ಟೇಪನ್ನೂ ನಿಮ್ಮ ಹಾಳೆಯನ್ನೂ ವಕೀಲನ ಮುಂದೆ ಇಟ್ಟೆ. ಅವನು ಕೇಳಿ, ಮುಖ ಉಜ್ಜಿಕೊಂಡು, "ಒಂದ್ ವಾರ ಮುಂಚೆ ಯಾಕ್ ತರ್ಲಿಲ್ಲ" ಎಂದ. ಅರ್ಜಿ ಹಾಕುತ್ತಾನಂತೆ. ತನ್ನ ಬಾಯಿಂದಲೇ ಮಾಡಿದೆ ಎಂದವನ ಮಾತನ್ನು ಕೋರ್ಟು ಸುಲಭವಾಗಿ ಬಿಡುವುದಿಲ್ಲ, ವರ್ಷ ಹಿಡಿಯಬಹುದು, ಆಗದೆಯೂ ಹೋಗಬಹುದು ಎಂದ. ನಿಮ್ಮ ಹಾಳೆ ಚೆನ್ನಾಗಿದೆ, ಯಂತ್ರಗಳ ಮಾತನ್ನೂ ಬರೆದಿದ್ದರಿಂದ ನೀವು ನಿಜ ಹೇಳುವವರೆಂದು ಕಾಣುತ್ತದೆ ಎಂದ. ಇದನ್ನು ನಿಮಗೆ ತಿಳಿಸುವುದು ನ್ಯಾಯ, ಅದಕ್ಕೇ ತಿಳಿಸಿದ್ದೇನೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಮುಂದೆ ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ. ನಿಮಗೆ ನಮ್ಮ ನಗಾರಿ ಬೇಕಿತ್ತು, ನಾವು ಬೇಕಿರಲಿಲ್ಲ. ಬೇಕಾದಾಗ ತಡವಾಗಿತ್ತು.

ನಿನ್ನೆ ಎಲ್ರಾಯ್‌ನನ್ನು ನೋಡಲು ಹೋಗಿದ್ದೆ. ಮುಂದಿನ ವಾರ ಅವನನ್ನು ಉತ್ತರದ ಜೈಲಿಗೆ ಸಾಗಿಸುತ್ತಾರೆ, ಬಸ್ಸಿನಲ್ಲಿ ಎಂಟು ಗಂಟೆಯ ದಾರಿ. ಟೇಪು ಬಂದದ್ದನ್ನು ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದೆ. ಕೊನೆಗೆ ನೀವು ಬರೆದದ್ದನ್ನೆಲ್ಲ ಓದಿದೆ, ಡ್ರಾಯರು, ಅಂಚೆ ಕಚೇರಿಯ ಸಾಲು, ಎಲ್ಲಾ. ಅವನು ಗಾಜಿಗೆ ಹಣೆ ಹಚ್ಚಿಕೊಂಡು ಕೂತಿದ್ದ. "ಅವನೂ ಹೆದ್ರಿದ್ದ, ನಾನೂ ಹೆದ್ರಿದ್ದೆ" ಎಂದ. ಆಮೇಲೆ, "ನನ್ ದನಿ ಚೆನ್ನಾಗ್ ಕೇಳುತ್ತಾ ಅಕ್ಕ" ಎಂದ. ಕೇಳುತ್ತೆ ಎಂದೆ. ಏನು ತಿನ್ನುತ್ತಿದ್ದೆ ಎಂದು ಕೇಳಿದೆ. ಮಾಂಸದ ಕಡುಬು, ವೆಂಡೆಲ್‌ನದು, ಅವನಿಗೆ ಹೇಳಬೇಡ ಎಂದ.

ಹೊರಡುವ ಗಂಟೆ ಹೊಡೆದಾಗ ಫೋನಿನಲ್ಲಿ, "ಆ ರೆಕಾರ್ಡಿನ ಹೆಸರು ಕೇಳ್ತಿದ್ನಲ್ಲ, ಹೇಳ್ಬಿಡು ಅವನ್ಗೆ. ಇನ್ ಯಾರಿಂದ ಮುಚ್ಚಿಡ್ಲಿ" ಎಂದ. ಹೇಳುತ್ತಿದ್ದೇನೆ. ಮೂರು ವರ್ಷ ಕ್ರೇಟು ಹೊತ್ತವನು ಯಾರಿಗೂ ಬಿಟ್ಟುಕೊಡದೆ ಇಟ್ಟಿದ್ದ ಗುಟ್ಟು ಇದು.

ಅದು ಕಾಡಿನದಲ್ಲ. ಎರಡು ವರ್ಷದ ಹಿಂದೆ ನಿಮ್ಮೂರ ಶಿಬಿರದ ಕ್ಲಬ್ಬಿನವರು ಹಳೆಯ ರೆಕಾರ್ಡುಗಳನ್ನು ಕಸಕ್ಕೆ ಹಾಕುವಾಗ ರೋಡೆಲ್ ಒಂದು ಪೆಟ್ಟಿಗೆ ಎತ್ತಿಕೊಂಡು ರಜೆಗೆ ಬಂದ. ಅದರಲ್ಲಿ ಒಂದೇ ರೆಕಾರ್ಡಿನ ಎರಡು ಪ್ರತಿ ಇದ್ದವು, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಎಂದು ವೆಂಡೆಲ್ ಹಾಕುವುದು ಹಾಗೇ. ನಿಮ್ಮ ಪಿರ್ಮಾಸೆನ್ಸ್‌ನ ಬೂಟು ಕಾರ್ಮಿಕರ ಕಾರ್ನಿವಲ್ ವಾದ್ಯತಂಡದ್ದು. ಹೊದಿಕೆಯ ಮೇಲೆ ಕೆಂಪು ಟೋಪಿ ಹಾಕಿದ ದಪ್ಪ ಗಂಡಸರು ಸಾಲಾಗಿ ನಿಂತಿದ್ದಾರೆ. ಎರಡನೇ ಕಡೆ, ಮೂರನೇ ಹಾಡು. ಕೊಂಬುಗಳೆಲ್ಲ ಉಸಿರು ತೆಗೆದುಕೊಳ್ಳಲು ನಿಂತಾಗ ನಗಾರಿಯವನೊಬ್ಬ ನಾಲ್ಕು ಹೆಜ್ಜೆಯಷ್ಟು ಬಾರಿಸುತ್ತಾನೆ. ಎಲ್ರಾಯ್‌ಗೆ ಕೇಳಿಸಿದ್ದು ಅದು.

ನಿಮ್ಮ ಕಾರ್ಖಾನೆಯಲ್ಲೇ ಯಾರ ಮನೆಯಲ್ಲಾದರೂ ಇರಬಹುದು, ವಿಚಾರಿಸಿ ನೋಡಿ. ಆ ನಗಾರಿ ಬಾರಿಸಿದವನು ಇನ್ನೂ ನಿಮ್ಮ ಪಕ್ಕದ ಮೇಜಿನಲ್ಲಿ ಕೂತು ಚರ್ಮ ಕೊಯ್ಯುತ್ತಿರಬಹುದು. ರೆಕಾರ್ಡು ಸಿಕ್ಕರೆ ಪೂರ್ತಿ ಕೇಳಿ. ಯಾವುದನ್ನೂ ಕತ್ತರಿಸಬೇಡಿ.

ವರ್ಲೀನ್ ಗ್ಯಾಸ್ಕಿನ್ಸ್